ಓಡುವ ಕಾಲು ನಮ್ಮದು, ಲೆಕ್ಕದ ಬುಕ್ಕು ಯಾರದು?



ಡಿಗ್ರಿಗೆ ಹೆಸರು ಹಚ್ಚಿದ ದಿನ ಕಾಲೇಜಿನವರು ಕೊಟ್ಟ ರಸೀದಿ ನಿಮ್ಮ ಟ್ರಂಕಿನಲ್ಲಿ ಇನ್ನೂ ಇದ್ದರೆ ತೆಗೆದು ನೋಡಿರಿ. ಬೋಧನಾ ಶುಲ್ಕ, ಗ್ರಂಥಾಲಯ ಶುಲ್ಕ, ವಾಚನಾಲಯ, ವೈದ್ಯಕೀಯ ತಪಾಸಣೆ, ಮ್ಯಾಗಜಿನ್, ಗುರುತಿನ ಚೀಟಿ. ಇವುಗಳ ನಡುವೆ ಸಣ್ಣ ಅಕ್ಷರದಲ್ಲಿ ಕ್ರೀಡಾ ಶುಲ್ಕ ಅಂತ ಒಂದು ಸಾಲು ಇರುತ್ತದೆ. ಕೆಲವು ಕಡೆ ಎರಡು ಸಾಲು: ಒಂದು ಕಾಲೇಜಿನದು, ಇನ್ನೊಂದು ವಿಶ್ವವಿದ್ಯಾಲಯದ್ದು. ಮೊತ್ತ ದೊಡ್ಡದಲ್ಲ. ದೊಡ್ಡದಲ್ಲ ಅಂತಲೇ ಯಾರೂ ಕೇಳುವುದಿಲ್ಲ. ಮೂರು ವರ್ಷ ಕಟ್ಟುತ್ತೇವೆ, ಮಾರ್ಕ್ಸ್ ಕಾರ್ಡು ಇಸಗೊಂಡು ಊರಿಗೆ ಹೋಗುತ್ತೇವೆ. ಆ ಮೂರು ವರ್ಷದಾಗ ಕಾಲೇಜಿನ ಕ್ರೀಡಾ ಕೋಣೆಯ ಬಾಗಿಲು ತೆರೆದದ್ದನ್ನ ಎಷ್ಟು ಮಂದಿ ನೋಡೀರಿ? ಒಳಗಿನ ಚೆಂಡು ಮುಟ್ಟಿದವರು ಎಷ್ಟು ಮಂದಿ?

ನಾನು ಕವಿತೆ ಬರೆಯುವವನು, ಓಟಗಾರ ಅಲ್ಲ. ಬಸ್ಸಿನ ಹಿಂದೆ ಓಡಿದ್ದೇ ನನ್ನ ಕ್ರೀಡಾ ಸಾಧನೆ. ಆದರೂ ಈ ಒಂದು ಸಾಲಿನ ಬಗ್ಗೆ ಬರೆಯಬೇಕು ಅನ್ನಿಸಿತು. ಯಾಕಂದ್ರ ಆ ಸಾಲಿನಲ್ಲಿ ನಮ್ಮ ರೊಕ್ಕವೂ ಐತಿ, ನಮ್ಮ ಹುಡುಗರ ಕಾಲೂ ಐತಿ. ಎರಡೂ ಒಂದೇ ಕಡೆ ಸೇರುವುದಿಲ್ಲ.

"ನಮಗೇನ್ ಬಿಡಪಾ, ನಾವು ಫೀ ಕಟ್ಟಂಗಿಲ್ಲ, ಸ್ಕಾಲರ್‌ಶಿಪ್ ಬರ್ತದ" ಅನ್ನುವ ಹಾಸ್ಟೆಲ್ ಗೆಳೆಯರು ಇದ್ದಾರೆ. ಅವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ನಡೆದು ಬಂದದ್ದು. ಆ ಯೋಜನೆಯ ನಿಯಮದಲ್ಲಿ ಯಾವ ಯಾವ ಶುಲ್ಕ ತುಂಬಿಕೊಡಬೇಕು ಅಂತ ಪಟ್ಟಿ ಬರೆಯುವಾಗ ಬೋಧನೆ, ಗ್ರಂಥಾಲಯ, ಮ್ಯಾಗಜಿನ್‌ಗಳ ಜೊತೆಗೆ ಆಟದ ಶುಲ್ಕ ಅಂತಲೂ ಸ್ಪಷ್ಟವಾಗಿ ಬರೆದರು. ಅಂದರೆ ನಮ್ಮ ಹೆಸರಿನ ಮೇಲೆ ಸರಕಾರ ಆಟಕ್ಕೂ ರೊಕ್ಕ ಎಣಿಸಿದೆ. 2020-21ರಿಂದ ಈ ಹಣದಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40 ಎಂದಾಯಿತು. ಹಣ ನೇರ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬರುವ ಪದ್ಧತಿ ಬಂತು. ಖಾತೆಗೆ ಬರುವುದು ತಡ, ಕಾಲೇಜು ಕೇಳುವುದು ಮೊದಲು. ಹಾಗಾಗಿ ಅವ್ವ ಕಬ್ಬು ಕಡಿದ ಪಗಾರದಾಗಿನ ನೋಟು ಮೊದಲು ಕೌಂಟರಿಗೆ ಹೋಗುತ್ತದೆ. ಕಟ್ಟಂಗಿಲ್ಲ ಅನ್ನುವ ಮಾತು ಎಲ್ಲಿ ಉಳಿಯಿತು? ಅವ್ವ ಕಟ್ಟಲಿ, ಸರಕಾರ ಕಟ್ಟಲಿ, ಅದು ನಿಮ್ಮ ಹೆಸರಿನ ರೊಕ್ಕ. ಕೇಳುವ ಹಕ್ಕು ನಿಮ್ಮದು.

ಈಗ ಕೊಲ್ಹಾರದ ಕಡೆಯಿಂದ ನೋಡೋಣ. ಆಲಮಟ್ಟಿಯ ಹಿನ್ನೀರು ಹಳೆ ಊರನ್ನು ನುಂಗಿದ ಮೇಲೆ ದಿಬ್ಬದ ಮೇಲೆ ಬಂದು ಕೂತ ಊರು ಇದು. ಮಣ್ಣಿನ ಸಣ್ಣ ಗಡಿಗೆಯ ಮೊಸರಿನಿಂದ ಹೆಸರಾದದ್ದು. ಮೊದಲು ಬಸವನ ಬಾಗೇವಾಡಿ ತಾಲೂಕಿನಲ್ಲಿತ್ತು, ಈಗ ತಾನೇ ತಾಲೂಕು. ಊರ ಮುಂದೆ ಕೃಷ್ಣೆಯ ಮೇಲಿನ ಉದ್ದನೆಯ ಸೇತುವೆ. ದಾಟಿದರೆ ಕೊರ್ತಿ, ಬೀಳಗಿ ಸೀಮೆ, ಬಾಗಲಕೋಟೆ ಜಿಲ್ಲೆ. ಈ ದಂಡಿಯ ಡಿಗ್ರಿ ಹುಡುಗ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರುತ್ತಾನೆ. 2010ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಒಡೆದು ಆದದ್ದು ಅದು. ಇದೇ ದಂಡಿಯ ಹುಡುಗಿ ಮಹಿಳಾ ಕಾಲೇಜಿಗೆ ಹೋದರೆ ವಿಜಯಪುರದ ಹತ್ತಿರ ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರುತ್ತಾಳೆ. 2003ರಲ್ಲಿ ಹುಟ್ಟಿ, 2017ರಲ್ಲಿ ಅಕ್ಕನ ಹೆಸರು ಪಡೆದದ್ದು. ಆಚೆ ದಂಡಿಯ ಹುಡುಗನಿಗೆ 2022-23ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಅಂತ ಹೊಸದೊಂದು ಆಯಿತು. ಒಂದೇ ಹೊಳಿ, ಒಂದೇ ಕಬ್ಬು, ಒಂದೇ ಬಿಸಿಲು. ಓಟದ ಪಂದ್ಯಕ್ಕೆ ಬಂದಾಗ ಮಾತ್ರ ಮೂರು ಬಣ್ಣದ ಬನಿಯನ್ನು.

ವಿಶ್ವವಿದ್ಯಾಲಯ ಸಣ್ಣದಾದಷ್ಟೂ ಒಳ್ಳೆಯದು, ಊರ ಹತ್ತಿರ ಬರುತ್ತದೆ ಅಂತ ಭಾಷಣದಲ್ಲಿ ಹೇಳುತ್ತಾರೆ. ಬಿ.ಎ. ಪರೀಕ್ಷೆಯ ಮಟ್ಟಿಗೆ ಅದು ಖರೆ ಇರಬಹುದು. ಆಟದ ಮಟ್ಟಿಗೆ ಲೆಕ್ಕ ಬೇರೆ. ನನ್ನ ನೋಟ್‌ಬುಕ್ಕಿನಲ್ಲಿ ಹಾಕಿದ ಲೆಕ್ಕ ಇದು. ಯಾವ ವಿಶ್ವವಿದ್ಯಾಲಯದ ಅಂಕಿಯೂ ಅಲ್ಲ, ತಿಳಿಯಲಿ ಅಂತ ಹಿಡಿದದ್ದು.

ತಲೆಗೆ 100 ರೂಪಾಯಿ ಕ್ರೀಡಾ ಶುಲ್ಕ ಅನ್ನಿ. 10,000 ವಿದ್ಯಾರ್ಥಿಗಳಿರುವ ಸಣ್ಣ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ 10 ಲಕ್ಷ ಬಂತು. ಒಂದು ಲಕ್ಷ ವಿದ್ಯಾರ್ಥಿಗಳಿರುವ ದೊಡ್ಡದಕ್ಕೆ ಒಂದು ಕೋಟಿ. ಈಗ ಖರ್ಚು. ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಒಂದು ತಂಡ ಕಳಿಸಬೇಕು. 12 ಆಟಗಾರರು, ಒಬ್ಬ ಮ್ಯಾನೇಜರು, ಒಬ್ಬ ಕೋಚು, ಒಟ್ಟು 14 ಮಂದಿ. ಹೋಗಿ ಬರುವ ರೈಲು ಬಸ್ಸು ತಲೆಗೆ 1,500 ಅಂದರೂ 21,000. ದಿನಕ್ಕೆ 400ರಂತೆ 7 ದಿನದ ಊಟ, ವಸತಿ 39,200. ಆಟಗಾರರಿಗೆ ಬೂಟು, ಟ್ರ್ಯಾಕ್ ಸೂಟು ತಲೆಗೆ 3,000ದಂತೆ 36,000. ಒಂದು ತಂಡಕ್ಕೆ 96,200 ಆಯಿತು. ಹದಿನೈದು ಆಟ, ಗಂಡುಮಕ್ಕಳದೊಂದು ಹೆಣ್ಣುಮಕ್ಕಳದೊಂದು, 30 ತಂಡ. ಒಟ್ಟು 28 ಲಕ್ಷ 86 ಸಾವಿರ. ದೊಡ್ಡ ವಿಶ್ವವಿದ್ಯಾಲಯ ಇಷ್ಟು ಖರ್ಚು ಮಾಡಿಯೂ 71 ಲಕ್ಷ ಉಳಿಸಿಕೊಂಡು ಮೈದಾನ, ಕೋಚು, ತರಬೇತಿ ಶಿಬಿರ ಅಂತ ಮಾಡಬಹುದು. ಸಣ್ಣದು ಹತ್ತೇ ತಂಡ ಕಳಿಸಿದರೂ ಪೆಟ್ಟಿಗೆ ಖಾಲಿ. ಶುಲ್ಕ ಬರುವುದು ತಲೆ ಎಣಿಸಿ. ಖರ್ಚು ತಲೆ ಎಣಿಸಿ ಬರುವುದಿಲ್ಲ. ರಿಲೇ ಓಡಲು ದೊಡ್ಡ ಯೂನಿವರ್ಸಿಟಿಗೂ ನಾಲ್ಕೇ ಮಂದಿ ಬೇಕು, ಸಣ್ಣದಕ್ಕೂ ನಾಲ್ಕೇ ಮಂದಿ ಬೇಕು. ಭುವನೇಶ್ವರಕ್ಕೆ ಹೋಗುವ ರೈಲು ಸಣ್ಣ ಯೂನಿವರ್ಸಿಟಿ ಅಂತ ರಿಯಾಯಿತಿ ಕೊಡುವುದಿಲ್ಲ.

ಹಾಗಾದರೆ ಕಡಿಮೆ ಬಿದ್ದ ರೊಕ್ಕ ಎಲ್ಲಿಂದ ಬರುತ್ತದೆ? ಇಲ್ಲಿಯೇ ನಮ್ಮ ವಿಷಯ ಇರುವುದು. ಅದು ಆಟಗಾರನ ಜೇಬಿನಿಂದ ಬರುತ್ತದೆ. "ಈಗ ನೀವೇ ಖರ್ಚು ಮಾಡ್ಕೊಂಡು ಹೋಗಿ ಬರ್ರಿ, ಬಿಲ್ ತಂದು ಕೊಟ್ರ ಆಮ್ಯಾಲೆ ಟಿ.ಎ., ಡಿ.ಎ. ಮಾಡಿಸ್ತೀವಿ." ಆಮ್ಯಾಲೆ ಅನ್ನುವ ಶಬ್ದಕ್ಕೆ ಆಫೀಸಿನ ನಿಘಂಟಿನಲ್ಲಿ ಏನು ಅರ್ಥ ಅಂತ ನಮಗೆ ಗೊತ್ತಿದೆ. ಮನೆಯಲ್ಲಿ ನಾಲ್ಕು ಸಾವಿರ ಮುಂಗಡ ಹಾಕುವ ಅಪ್ಪ ಇದ್ದವನು ಹೋಗುತ್ತಾನೆ. ಇಲ್ಲದವನು "ಕಾಲು ನೋವು ಸರ್" ಅಂತ ಸುಳ್ಳು ಹೇಳಿ ಉಳಿಯುತ್ತಾನೆ. ಬಡತನ ಅಂತ ಹೇಳುವುದಕ್ಕಿಂತ ಕಾಲು ನೋವು ಅಂತ ಹೇಳುವುದು ಅವನಿಗೆ ಹಗುರ. ಸ್ಟಾಪ್‌ವಾಚ್ ಒಬ್ಬನನ್ನು ಆರಿಸಿತು, ಪಾಕೀಟು ಇನ್ನೊಬ್ಬನನ್ನು ಆರಿಸಿತು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ನಾನು ಬಿ.ಎ. ಓದುವಾಗ ನಮ್ಮ ಹಾಸ್ಟೆಲಿನಲ್ಲಿ 1500 ಮೀಟರ್ ಓಡುವ ಹುಡುಗ ಒಬ್ಬನಿದ್ದ. ಅಂತರ ಕಾಲೇಜು ಕ್ರೀಡಾಕೂಟದಲ್ಲಿ ಬೇರೆಯವನ ಸ್ಪೈಕ್ ಬೂಟು ಇಸಗೊಂಡು ಓಡಿ ಮೊದಲು ಬಂದ. ಬೂಟು ಒಂದು ನಂಬರ್ ದೊಡ್ಡದು, ಮುಂದೆ ಹಳೆ ಪೇಪರು ತುರುಕಿದ್ದ. ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾದ ಅಂತ ಕಾಗದ ಮಂಗಳವಾರ ಬಂತು, ಗಾಡಿ ಗುರುವಾರ. ನಾವು ಕೋಣೆ ಕೋಣೆಗೆ ಹೋಗಿ ಪಟ್ಟಿ ಎತ್ತಿದೆವು. ಹತ್ತು, ಇಪ್ಪತ್ತು, ಒಬ್ಬ ಅಡಿಗೆಯವ ಐವತ್ತು ಕೊಟ್ಟ. ಅರ್ಧಕ್ಕೂ ಸ್ವಲ್ಪ ಹೆಚ್ಚು ಆಯಿತು. ಉಳಿದದ್ದು ಆಗಲಿಲ್ಲ. ಎರಡನೆಯವನಾಗಿ ಬಂದವ ಹೋದ. ಅವನದೇನೂ ತಪ್ಪಿಲ್ಲ, ಒಳ್ಳೆ ಹುಡುಗ, ಹೋಗುವಾಗ ಇವನಿಗೆ ಹೇಳಿಯೇ ಹೋದ. ಎತ್ತಿದ ಪಟ್ಟಿಯ ರೊಕ್ಕ ಇವನು ಮತ್ತೆ ಕೋಣೆ ಕೋಣೆಗೆ ಹೋಗಿ ತಿರುಗಿ ಕೊಟ್ಟ. ಆಮೇಲೆ ಅವನು ಓಡಿದ್ದನ್ನ ನಾನು ನೋಡಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ಹುಡುಗ ಜನರಲ್ ಡಬ್ಬಿಯಲ್ಲಿ ಬಾಗಿಲಿಗೆ ಕೂತು ಹೋದಾನು. ಹುಡುಗಿಗೆ ರಿಸರ್ವೇಶನ್ ಬೇಕು, ಜೊತೆಗೆ ಒಬ್ಬ ಮೇಡಮ್ ಬೇಕು, ಇಳಿಯಲು ಬಾಗಿಲ ಚಿಲಕ ಭದ್ರ ಇರುವ ಕೋಣೆ ಬೇಕು. ಬೆಳಗಿನ ಐದಕ್ಕೆ ಮೈದಾನಕ್ಕೆ ಹೋಗಬೇಕಂದರೆ ಹಾಸ್ಟೆಲಿನ ಗೇಟು ತೆರೆಯಬೇಕು, ತೆರೆಯುವವನಿಗೆ ಆರ್ಡರ್ ಬೇಕು. ಇದೆಲ್ಲ ಖರ್ಚು. ಬಜೆಟ್ಟಿನಲ್ಲಿ ಇದಕ್ಕೆ ಸಾಲು ಇಲ್ಲದಿದ್ದರೆ "ಹುಡುಗಿಯರು ಬರೋದೇ ಇಲ್ರೀ" ಅಂತ ಹೇಳುವುದು ಸುಲಭ. ವಿಜಯಪುರ, ಬಾಗಲಕೋಟೆ ಸೀಮೆಯ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಂದ್ಯಕ್ಕೆ ಹುಡುಗರು ಮಾತ್ರ ಅಲ್ಲ, ಹುಡುಗಿಯರೂ ಹೋಗಿದ್ದಾರೆ. ಜೋಳದ ಹೊಲದ ನಡುವಿನ ಡಾಂಬರು ರಸ್ತೆಯೇ ಅವರ ಟ್ರ್ಯಾಕು. ರೇಸಿನ ಸೈಕಲ್ಲಿಗೆ ಲಕ್ಷಗಟ್ಟಲೆ ರೂಪಾಯಿ. ಅದರ ಒಂದು ಟೈರು ಹರಿದರೆ ಮನೆಯ ತಿಂಗಳ ರೇಶನ್ನು ಹೋದಂತೆ. ಹೆಣ್ಣುಮಕ್ಕಳಿಗೆಂದೇ ಕಟ್ಟಿದ ವಿಶ್ವವಿದ್ಯಾಲಯ ಇರುವ ನಾಡಿನಲ್ಲಿ ಆ ಗೇಟು, ಆ ಮೇಡಮ್, ಆ ಟೈರು ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತವೆ ಅಂತ ಕೇಳಬೇಕಾದವರು ಅಲ್ಲಿ ಓದುವ ಅಕ್ಕತಂಗಿಯರೇ.

ರೊಕ್ಕ ಹಾಕುವವನು ಯಾರು, ಬೆವರು ಹಾಕುವವನು ಯಾರು ಅನ್ನುವ ಈ ಜಗಳ ಇವತ್ತಿನದಲ್ಲ. ನಮ್ಮ ಪಕ್ಕದ ಧಾರವಾಡದಲ್ಲಿ 1876ರಲ್ಲಿ ಚಮ್ಮಾರರ ಮನೆಯಲ್ಲಿ ಹುಟ್ಟಿದ ಪಾಳವಣಕರ ಬಾಳೂ ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಪಗಾರಕ್ಕೆ ಪಿಚ್ಚು ಉರುಳಿಸುತ್ತಿದ್ದ. ಸಾಹೇಬರಿಗೆ ಪ್ರಾಕ್ಟೀಸಿಗೆ ಚೆಂಡು ಹಾಕುತ್ತಿದ್ದ. ಬ್ಯಾಟು ಅವನ ಕೈಗೆ ಕೊಡುತ್ತಿರಲಿಲ್ಲ. ಮುಂದೆ ಹಿಂದೂ ತಂಡದವರು ಅವನನ್ನು ಕರೆದರು, ಯಾಕಂದ್ರ ಅವನ ಎಡಗೈ ಇಲ್ಲದೆ ಗೆಲ್ಲಲು ಆಗುತ್ತಿರಲಿಲ್ಲ. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನೇ ಇವರೂ ಮುಟ್ಟಿದರು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆ ಕಪ್ಪಿನಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದ ಕ್ಯಾಪ್ಟನ್ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ನೂರಕ್ಕೂ ಹೆಚ್ಚು ವಿಕೆಟ್ ಎತ್ತಿದವನು ಬಾಳೂ.

ಇನ್ನೊಬ್ಬ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಯ ರೈತರ ಮಕ್ಕಳು ಬರಿಗಾಲಲ್ಲಿ ಓಡುವುದನ್ನು ನೋಡಿ ದೊರಾಬ್ಜಿ ಟಾಟಾ ಬೆರಗಾದರು. ಸ್ವಂತ ಹಣ ಹಾಕಿ, ಚಂದಾ ಎತ್ತಿ 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಕಳಿಸಿದರು. ಚೌಗುಲೆ ಮ್ಯಾರಥಾನ್ ಓಟದಲ್ಲಿ 19ನೆಯವನಾಗಿ ಬಂದ. 2 ಗಂಟೆ 50 ನಿಮಿಷ ಚಿಲ್ಲರೆ. ಕೆಲಸ ಒಳ್ಳೆಯದೇ. ಆದರೆ ಒಬ್ಬ ಟಾಟಾ ಅವತ್ತು ಆ ಮೈದಾನಕ್ಕೆ ಬರದಿದ್ದರೆ? ನೂರು ವರ್ಷ ಆದ ಮೇಲೂ ನಮ್ಮ ಓಟ ಯಾರೋ ಒಬ್ಬ ದೊಡ್ಡವರು ಆ ದಿನ ಮೈದಾನಕ್ಕೆ ಬರುವುದರ ಮೇಲೆ ನಿಂತಿದೆ. ವಿಶ್ವವಿದ್ಯಾಲಯ ಅಂತ ಕಟ್ಟಿದ್ದು, ಶುಲ್ಕ ಅಂತ ತಗೊಂಡದ್ದು ಆ ಅದೃಷ್ಟದ ಆಟ ನಿಲ್ಲಿಸಲಿಕ್ಕೆ.

ಈಗ ಆ ದೊಡ್ಡವರ ಜಾಗದಲ್ಲಿ ಖಾಸಗಿ ಸಂಸ್ಥೆಗಳು ಬಂದಿವೆ. ಮೂಡುಬಿದಿರೆಯ ಆಳ್ವಾಸ್ ಕ್ರೀಡಾಪಟುಗಳನ್ನು ದತ್ತು ತಗೊಂಡು ಊಟ, ವಸತಿ, ಓದು ಕೊಡುತ್ತದೆ. ಆ ಓಟಗಾರರ ಕಾಲಿನಿಂದಲೇ ಮಂಗಳೂರು ವಿಶ್ವವಿದ್ಯಾಲಯ ಅಥ್ಲೆಟಿಕ್ಸಿನಲ್ಲಿ ದೇಶದ ಮುಂದೆ ನಿಂತಿತು. 2020ರ ಜನವರಿಯಲ್ಲಿ ಅದೇ ಮೂಡುಬಿದಿರೆಯಲ್ಲಿ 80ನೇ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ನಡೆಯಿತು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ಯೂನಿವರ್ಸಿಟಿ ಆಟಗಳಲ್ಲಿ ಸಮಗ್ರ ಪ್ರಶಸ್ತಿ ಗೆದ್ದದ್ದು ಅತಿಥೇಯ ಜೈನ್ ಯೂನಿವರ್ಸಿಟಿ, 20 ಚಿನ್ನ. ಇದನ್ನು ಹಳಿಯಲು ನಾನು ತಯಾರಿಲ್ಲ. ಉತ್ತರ ಕರ್ನಾಟಕದ ಹಳ್ಳಿಯ ಹುಡುಗಿಗೆ ಅಲ್ಲಿ ಎರಡು ಹೊತ್ತು ಮೊಟ್ಟೆ, ಒಂದು ಜೊತೆ ಬೂಟು ಸಿಕ್ಕರೆ ಅವಳು ಹೋಗಲಿ, ಓಡಲಿ. ನನ್ನ ಜಗಳ ದತ್ತು ಅನ್ನುವ ಆ ಶಬ್ದದ ಜೊತೆ. ಅಪ್ಪ ಅವ್ವ ಸತ್ತವರನ್ನ ದತ್ತು ತಗೋತಾರ. ನಮ್ಮ ಹುಡುಗಿಗೆ ಒಂದು ಸಾರ್ವಜನಿಕ ವಿಶ್ವವಿದ್ಯಾಲಯ ಇದೆ, ಅವಳು ಶುಲ್ಕ ಕಟ್ಟಿದ್ದಾಳೆ, ಅವಳ ಹೆಸರಿನ ಮೇಲೆ ಸರಕಾರ ಹಣ ಎಣಿಸಿದೆ. ಅವಳು ಯಾಕ ಅನಾಥಳಾದಳು? ಇನ್ನು ದೇಶದ ಪದ್ಧತಿ ನೋಡಿದರೆ, 1956-57ರಲ್ಲಿ ಶುರುವಾದ ಮೌಲಾನಾ ಆಜಾದ್ ಟ್ರೋಫಿ ಆಟದಲ್ಲಿ ಮೊದಲು ಬಂದ ವಿಶ್ವವಿದ್ಯಾಲಯಕ್ಕೆ ಕೊಡುವುದು, ಜೊತೆಗೆ ನಗದು ಬಹುಮಾನ. ಗೆದ್ದವರಿಗೆ ಮತ್ತೆ ರೊಕ್ಕ. ಗೆಲ್ಲಲು ಗಾಡಿಯ ಖರ್ಚು ಇಲ್ಲದವರಿಗೆ ಚಪ್ಪಾಳೆ ತಟ್ಟುವ ಕೆಲಸ.

ಸಮುದ್ರದ ಆಚೆಯ ಒಂದು ಕಥೆ ಹೇಳುತ್ತೇನೆ. ನಮ್ಮ ಹಾಸ್ಟೆಲ್ ಗೋಡೆಗಳ ಮೇಲೆ ಆ ಫೋಟೋ ನೋಡಿದ್ದೀರಿ. 1968, ಮೆಕ್ಸಿಕೊ ಒಲಿಂಪಿಕ್ಸ್, 200 ಮೀಟರ್. ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಅನ್ನುವ ಇಬ್ಬರು ಕರಿಯ ಓಟಗಾರರು ಪದಕದ ಮೆಟ್ಟಿಲ ಮೇಲೆ ಬೂಟಿಲ್ಲದೆ ನಿಂತು, ಕರಿ ಗವಸಿನ ಮುಷ್ಟಿ ಎತ್ತಿದ್ದು. ಇಬ್ಬರೂ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ಅನ್ನುವ ಸರಕಾರಿ ಕಾಲೇಜಿನ ವಿದ್ಯಾರ್ಥಿಗಳು. ಬಡ್ ವಿಂಟರ್ ಅನ್ನುವ ಕೋಚು ಅಲ್ಲಿ ಓಟಗಾರರನ್ನು ಬೆಳೆಸಿದ್ದರಿಂದ ಆ ಊರಿಗೆ ವೇಗದ ಪಟ್ಟಣ ಅಂತಲೇ ಹೆಸರು ಬಿತ್ತು. 1988ರಲ್ಲಿ ಅದೇ ವಿಶ್ವವಿದ್ಯಾಲಯ ರೊಕ್ಕ ಸಾಲದು ಅಂತ ಗಂಡುಮಕ್ಕಳ ಓಟದ ತಂಡವನ್ನೇ ಮುಚ್ಚಿತು. ಫುಟ್‌ಬಾಲ್ ತಂಡ ಮುಚ್ಚಲಿಲ್ಲ. 2005ರಲ್ಲಿ ಸ್ಮಿತ್, ಕಾರ್ಲೋಸ್ ಇಬ್ಬರ ದೊಡ್ಡ ಪ್ರತಿಮೆ ಕ್ಯಾಂಪಸ್ಸಿನಲ್ಲಿ ನಿಲ್ಲಿಸಿದರು. ಮುಷ್ಟಿ ಎತ್ತಿದ ಪ್ರತಿಮೆ ಇತ್ತು, ಓಡುವ ತಂಡ ಇರಲಿಲ್ಲ. ಓಟ ಮತ್ತೆ ಶುರು ಮಾಡುತ್ತೇವೆ ಅಂತ ಸಾರಿದ್ದು 2016ರಲ್ಲಿ. ಪ್ರತಿಮೆಗೆ ಹಾರ ಹಾಕುವ ಊರುಗಳಲ್ಲಿ ಬೆಳೆದ ನಮಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಅಮೆರಿಕದಲ್ಲಿ ದೊಡ್ಡ ಯೂನಿವರ್ಸಿಟಿಗಳ ಆಟ ಟೀವಿಯ ರೊಕ್ಕದಿಂದ ನಡೆಯುತ್ತದೆ. 2025ರ ಜೂನಿನಲ್ಲಿ ಅಲ್ಲಿನ ಕೋರ್ಟು ಆಟಗಾರರಿಗೂ ಆ ಗಳಿಕೆಯ ಪಾಲು ಕೊಡಬಹುದು ಅಂತ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಸಣ್ಣ ಯೂನಿವರ್ಸಿಟಿಗಳಲ್ಲಿ ಅಲ್ಲಿಯೂ ವಿದ್ಯಾರ್ಥಿಯ ಶುಲ್ಕವೇ ಆಸರೆ. ನಮಗೂ ಅವರಿಗೂ ಒಂದೇ ವ್ಯತ್ಯಾಸ: ಅವರ ಎಷ್ಟೋ ಸರಕಾರಿ ವಿಶ್ವವಿದ್ಯಾಲಯಗಳ ಆಟದ ಜಮಾಖರ್ಚು ಯಾರು ಬೇಕಾದರೂ ಓದಬಹುದು.

ಹೊಳಿಯ ಆಚೆಗೆ ಮತ್ತೆ ಬರೋಣ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಬೀದರಿನದೊಂದು ಬಿಟ್ಟು ಒಂಬತ್ತನ್ನು ಮುಚ್ಚುವುದು ಒಳ್ಳೆಯದು ಅಂದಿತು. ರೊಕ್ಕ ಇಲ್ಲ, ಜಾಗ ಇಲ್ಲ, ಸಿಬ್ಬಂದಿ ಇಲ್ಲ ಅನ್ನುವುದು ಕಾರಣ. ಜಮಖಂಡಿಯ ಬಾಗಲಕೋಟೆ ವಿಶ್ವವಿದ್ಯಾಲಯವೂ ಆ ಪಟ್ಟಿಯಲ್ಲಿತ್ತು. ವಿದ್ಯಾರ್ಥಿಗಳು ಬೀದಿಗೆ ಬಂದರು. ಆ ಚರ್ಚೆಯಲ್ಲಿ ಪರೀಕ್ಷೆ ಯಾರು ಮಾಡಬೇಕು, ಪದವಿ ಯಾರು ಕೊಡಬೇಕು ಅನ್ನುವ ಮಾತು ಬಂತು. ಆ ವರ್ಷ ವಿಶ್ವವಿದ್ಯಾಲಯದ ಬನಿಯನ್ನು ಹಾಕಿ ಓಡಬೇಕಾದ ಹುಡುಗನ ಮಾತು ನಾನು ಎಲ್ಲಿಯೂ ಕೇಳಲಿಲ್ಲ. ಮೈದಾನ ಇಲ್ಲದೆ, ದೈಹಿಕ ಶಿಕ್ಷಣದ ಹುದ್ದೆ ತುಂಬದೆ ವಿಶ್ವವಿದ್ಯಾಲಯ ಕಟ್ಟುವುದು ಒಂದು ತಪ್ಪು. ಕಟ್ಟಿದ್ದಕ್ಕೆ ಹಣ ಕೊಡದೆ ಮುಚ್ಚುತ್ತೇವೆ ಅನ್ನುವುದು ಇನ್ನೊಂದು ತಪ್ಪು. ಎರಡರ ನಡುವೆ ಸಿಕ್ಕವನಿಗೆ ವಯಸ್ಸು ಕಾಯುವುದಿಲ್ಲ. ಅಂತರ ವಿಶ್ವವಿದ್ಯಾಲಯ ಆಟಕ್ಕೆ 25 ದಾಟಿದರೆ ಮುಗಿಯಿತು.

"ನೀವು ಓದಾಕ ಬಂದೀರೋ, ಓಡಾಕ ಬಂದೀರೋ?" ಅಂತ ಕೇಳುವ ಮೇಷ್ಟ್ರುಗಳಿದ್ದಾರೆ. ಅವರಿಗೆ ಒಂದು ಮಾತು. ಬೆಳಗಿನ ಜಾವ ವಿಜಯಪುರ-ಹುಬ್ಬಳ್ಳಿ ಹೆದ್ದಾರಿಯ ಬದಿಯಲ್ಲಿ ನಿಂತು ನೋಡಿರಿ. ಲಾರಿಗಳ ಲೈಟಿನಲ್ಲಿ ಓಡುವ ಹುಡುಗರು ಹವ್ಯಾಸಕ್ಕೆ ಓಡುತ್ತಿಲ್ಲ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಂದರೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದಲ್ಲಿ. ಸೈನ್ಯ, ರೈಲ್ವೆ, ಅರಣ್ಯ ಇಲಾಖೆ ಎಲ್ಲ ಕಡೆ ಓಟ. ನಮ್ಮಂಥವರ ಮನೆಗೆ ಪಗಾರ ಬರುವ ಎಷ್ಟೋ ಬಾಗಿಲು ಕಾಲಿನಿಂದಲೇ ತೆರೆಯುತ್ತವೆ. ಅವರಿಗೆ ಒಂದು ಮಣ್ಣಿನ ಟ್ರ್ಯಾಕು, ಒಂದು ದೀಪ, ವಾಚು ಹಿಡಿಯುವ ಒಬ್ಬ ಮೇಷ್ಟ್ರು ಇದ್ದರೆ ಸಾಕು. ಅದಕ್ಕೆ ಸಿಂಥೆಟಿಕ್ ಟ್ರ್ಯಾಕಿನ ಕೋಟಿ ಬೇಡ. ಸಂಜೆ ಬೀಗ ಹಾಕಿದ ಕಾಲೇಜು ಮೈದಾನದ ಬೀಗ ಬೆಳಿಗ್ಗೆ ಬೇಗ ತೆಗೆದರೆ ಅರ್ಧ ಕೆಲಸ ಆಯಿತು.

ಹಣವೇ ಇಲ್ಲ ಅನ್ನುವವರಿಗೆ ಇನ್ನೊಂದು ಜಾಗ ತೋರಿಸಬೇಕು. 2013ರಲ್ಲಿ ನಮ್ಮ ರಾಜ್ಯ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಉಪಯೋಜನೆ ಕಾಯ್ದೆ ಮಾಡಿತು. ನೂರಕ್ಕೆ 24.1, ಜನಸಂಖ್ಯೆಗೆ ತಕ್ಕ ಪಾಲು. ಆ ಹಣವನ್ನು ಎಲ್ಲರ ರಸ್ತೆ, ಎಲ್ಲರ ಸೇತುವೆಗೆ ಹಾಕಿ ಇವರಿಗೂ ಉಪಯೋಗ ಆಯಿತು ಅಂತ ಬರೆಯಲು ದಾರಿ ಮಾಡಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದರು. ವಿಶ್ವವಿದ್ಯಾಲಯಗಳಲ್ಲೂ ಈ ಹಣಕ್ಕೆ ಘಟಕ ಇರುತ್ತದೆ. ಲ್ಯಾಪ್‌ಟಾಪ್ ಕೊಡುತ್ತಾರೆ, ಪುಸ್ತಕ ಕೊಡುತ್ತಾರೆ, ಬೇಡ ಅನ್ನುವುದಿಲ್ಲ. ತಂಡಕ್ಕೆ ಆಯ್ಕೆಯಾದ ನಮ್ಮ ಹುಡುಗ ಹುಡುಗಿಗೆ ಒಂದು ಜೊತೆ ಸ್ಪೈಕ್ ಬೂಟು, ಗಾಡಿ ಹತ್ತುವ ಮೊದಲು ಕೈಗೆ ಮುಂಗಡ ಖರ್ಚು ಇದರಿಂದ ಕೊಡಲು ಯಾವ ಕಾನೂನು ಅಡ್ಡ ಬರುತ್ತದೆ? ಬಿಲ್ ಆಮೇಲೆ ಅನ್ನುವ ಪದ್ಧತಿಯನ್ನು ತಿರುವಿ ಹಾಕಿ ಹಣ ಮೊದಲು ಅಂತ ಮಾಡಿದರೆ ಒಂದು ರೂಪಾಯಿಯೂ ಹೆಚ್ಚು ಖರ್ಚಾಗುವುದಿಲ್ಲ. ಅದೇ ಹಣ, ಹದಿನೈದು ದಿನ ಮೊದಲು. ಅಷ್ಟರಿಂದಲೇ ತಂಡದಲ್ಲಿ ಕಾಣುವ ಮುಖಗಳು ಬದಲಾಗುತ್ತವೆ.

ಯಾರೋ ತಿಂದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ತಿಂದರೋ ಇಲ್ಲವೋ ಅನ್ನುವುದು ಲೆಕ್ಕ ನೋಡಿದ ಮೇಲಿನ ಮಾತು. ಬಹಳ ಕಡೆ ತಿನ್ನುವುದಕ್ಕಿಂತ ಮರೆಯುವುದೇ ಹೆಚ್ಚು. ಕ್ರೀಡೆಯ ಹಣ ಇನ್ನೊಂದು ಖಾತೆಯೊಳಗೆ ಕರಗಿ, ವರ್ಷದ ಕೊನೆಗೆ ಟೆಂಟಿನ ಬಾಡಿಗೆ, ಅತಿಥಿಗಳ ಶಾಲು ಹಾರ, ಉದ್ಘಾಟನೆಯ ಪಾರಿವಾಳ ಆಗಿ ಹಾರಿಹೋಗುತ್ತದೆ. ಮೈದಾನದಲ್ಲಿ ಭಾಷಣ ಕೇಳುತ್ತ ಬಿಸಿಲಿಗೆ ನಿಂತ ಓಟಗಾರನಿಗೆ ಒಂದು ಬಾಳೆಹಣ್ಣು.

ಅದಕ್ಕೆ ಮಾಡಬೇಕಾದ ಕೆಲಸ ಹೇಳುತ್ತೇನೆ. 2005ರ ಮಾಹಿತಿ ಹಕ್ಕು ಕಾಯ್ದೆ ವಿಶ್ವವಿದ್ಯಾಲಯಕ್ಕೂ ಅನ್ವಯಿಸುತ್ತದೆ, ಸರಕಾರಿ ಕಾಲೇಜಿಗೂ ಅನ್ವಯಿಸುತ್ತದೆ. ಆ ಕಾಯ್ದೆಯ 4ನೇ ಕಲಮಿನ ಪ್ರಕಾರ ಬಜೆಟ್ಟು, ಖರ್ಚಿನ ವರದಿ ಯಾರೂ ಕೇಳದೆ ತಾವಾಗಿಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಒಂದು ಹಾಳೆ ತಗೊಳ್ಳಿ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಶಬ್ದದ ಒಳಗೆ ಇರಬೇಕು. ಕವಿಗಳಿಗೆ ಕಷ್ಟ, ಓಟಗಾರರಿಗೆ ಸುಲಭ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿರಿ. ಬಿ.ಪಿ.ಎಲ್. ಕಾರ್ಡು ಇದ್ದರೆ ಅದರ ನಕಲು ಹಚ್ಚಿರಿ, ಶುಲ್ಕ ಇಲ್ಲ. ಬರೆಯಬೇಕಾದದ್ದು ಇಷ್ಟೇ: ಕಳೆದ ಮೂರು ವರ್ಷದಲ್ಲಿ ಕ್ರೀಡಾ ಶುಲ್ಕ ಅಂತ ಒಟ್ಟು ಎಷ್ಟು ಬಂತು. ಅದರಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳ ಹೆಸರಿನಿಂದ ಬಂದದ್ದೆಷ್ಟು. ಯಾವ ಆಟಕ್ಕೆ, ಯಾವ ತಾರೀಖು, ಎಷ್ಟು ಖರ್ಚಾಯಿತು. ಆಟಗಾರರಿಗೆ ಪ್ರಯಾಣ ಭತ್ಯೆ ಕೊಟ್ಟದ್ದು ಪಂದ್ಯದ ಮೊದಲೋ ಆಮೇಲೋ, ಯಾವ ದಿನ. ವರ್ಷದ ಕೊನೆಗೆ ಉಳಿದದ್ದು ಎಷ್ಟು, ಎಲ್ಲಿದೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅದೇ ಆಫೀಸಿನ ಮೇಲಿನ ಅಧಿಕಾರಿಗೆ 30 ದಿನದೊಳಗೆ ಮೇಲ್ಮನವಿ.

ಒಬ್ಬೊಬ್ಬರೇ ಹಾಕಬೇಡಿರಿ. ಕೊಲ್ಹಾರ, ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಯ ಒಂದೊಂದು ಹಾಸ್ಟೆಲಿನಿಂದ ಹತ್ತು ಮಂದಿ ಹತ್ತು ಅರ್ಜಿ ಹಾಕಿರಿ. ಒಬ್ಬನನ್ನ ಕರೆದು ಗದರಿಸಬಹುದು, ಹತ್ತು ಮಂದಿಯನ್ನ ಗದರಿಸುವಷ್ಟು ಪುರಸೊತ್ತು ಯಾವ ಪ್ರಿನ್ಸಿಪಾಲರಿಗೂ ಇರುವುದಿಲ್ಲ. ಬಂದ ಉತ್ತರದ ನಕಲು ಈ ಪತ್ರಿಕೆಗೆ ಕಳಿಸಿರಿ, ಅಂಕಿಗಳನ್ನು ಇದ್ದ ಹಾಗೆ ಹಾಕೋಣ. ಉತ್ತರ ಬರದಿದ್ದರೆ ಬರಲಿಲ್ಲ ಅಂತ ಒಂದು ಕಾರ್ಡು ಬರೆಯಿರಿ, ಅದನ್ನೂ ಕಾಲೇಜಿನ ಹೆಸರು, ಅರ್ಜಿಯ ತಾರೀಖು ಸಮೇತ ಹಾಕೋಣ.